ಸೇವಂತಿಗೆಗೆ ಒಂದು ಒಳ್ಳೆಯ ತಾಯಿ ಗಿಡ ಬೇಕು

ಗಿಡಕ್ಕೆ ಒಮ್ಮೆ ವೈರಸ್ ತಗುಲಿದರೆ ಅದಕ್ಕೆ ಔಷಧಿ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ನೌಕರಿಯ ಉದ್ದಕ್ಕೂ ರೈತರಿಗೆ ನಾನು ಅತಿ ಹೆಚ್ಚು ಸಲ ಹೇಳಿದ ಮಾತು ಇದು, ಕೇಳಿದವರಿಗೆ ನಂಬಲು ಅತಿ ಕಷ್ಟವಾದ ಮಾತೂ ಇದೇ. ಬೂದಿ ರೋಗಕ್ಕೆ ಗಂಧಕದ ಪುಡಿ ಇದೆ, ಹುಳಕ್ಕೆ ಹತ್ತಾರು ಔಷಧಿಗಳಿವೆ. ವೈರಸ್ ಮಾತ್ರ ಗಿಡದ ಜೀವಕೋಶದ ಒಳಗೆ ಹೊಕ್ಕು, ಆ ಜೀವಕೋಶವನ್ನೇ ದುಡಿಸಿಕೊಂಡು ತನ್ನ ಸಂತಾನ ಬೆಳೆಸುತ್ತದೆ. ಹೊಲದಲ್ಲಿ ನಿಂತ ಗಿಡವನ್ನು ಉಳಿಸಿ ಅದರೊಳಗಿನ ವೈರಸ್ಸನ್ನಷ್ಟೇ ಕೊಲ್ಲುವ ಔಷಧಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ನಾನು ಗಿಡಗಳ ವೈರಸ್ ಬಗ್ಗೆ ಓದಿದವಳು, ಅದರಲ್ಲೂ ಹೂವಿನ ಬೆಳೆಗಳ ರೋಗ ಹಿಡಿದು ಕೂತವಳು. ಸೇವಂತಿಗೆ, ಗ್ಲ್ಯಾಡಿಯೋಲಸ್, ಸುಗಂಧರಾಜ, ಚೆಂಡು ಹೂ, ಆಸ್ಟರ್. ಹುಟ್ಟಿದ್ದು ಗೋಕಾಕ ತಾಲೂಕಿನ ಒಂದು ಹಳ್ಳಿ, ಈಗ ಇರುವುದು ಬಾಗಲಕೋಟೆಯ ನವನಗರ. ನಿವೃತ್ತಿಯಾದ ಮೇಲೂ ಹೂವಿನ ತೋಟ ಕಂಡರೆ ಕಾಲು ತಾನಾಗಿ ನಿಲ್ಲುತ್ತದೆ, ಎಲೆ ತಿರುಗಿಸಿ ಹಿಂಬದಿ ನೋಡುತ್ತೇನೆ. ಈ ಕೆಲಸದಲ್ಲಿ ನಾನು ಕಲಿತದ್ದನ್ನೆಲ್ಲಾ ಬರೆಯಲು ಆಗುವುದಿಲ್ಲ, ಆದರೆ ಒಂದು ಮಾತನ್ನು, ಅಂದರೆ ಮರಿ, ಕಡ್ಡಿ ತೆಗೆಯುವ ತಾಯಿ ಗಿಡ ರೋಗವಿಲ್ಲದ್ದಾಗಿರಬೇಕು ಅನ್ನೋದನ್ನು, ಬಿಡಿಸಿ ಹೇಳಬೇಕು ಅಂತ ಬಹಳ ದಿನದಿಂದ ಅನ್ನಿಸಿದೆ.

ನಮ್ಮ ಕಡೆ ಕೀಟನಾಶಕ ಸಿಂಪಡಿಸೋದಕ್ಕೆ ‘ಎಣ್ಣಿ ಹೊಡೆಯೋದು’ ಅಂತಾರೆ. "ಎಲ್ಲಾ ಎಣ್ಣಿ ಹೊಡದೀನ್ರೀ ಮೇಡಮ್ಮಾರ, ಮುಟುರು ಹೋಗವಲ್ದು" ಅನ್ನುವ ಮಾತು ನನಗೆ ಎಲ್ಲಾ ಊರಲ್ಲೂ ಎದುರಾಗಿದೆ. ಮುಟುರು ಅಂದರೆ ಎಲೆ ಮುದುಡುವ ರೋಗ. ಅವರು ಹೊಡೆದಿರುವುದು ಸುಳ್ಳಲ್ಲ. ಸಾಲ ಮಾಡಿ ತಂದು ಹೊಡೆದಿರುತ್ತಾರೆ. ಅದು ಯಾಕೆ ಕೆಲಸ ಮಾಡುವುದಿಲ್ಲ ಅನ್ನೋದು ತಿಳಿಯಬೇಕಾದರೆ ಹುಳ ಹೇಗೆ ರೋಗ ಹೊರುತ್ತದೆ ಅಂತ ನೋಡಬೇಕು. ಸಸ್ಯಹೇನು ಒಂದು ಎಲೆಯ ಮೇಲೆ ಕೂತು ರುಚಿ ನೋಡಲು ಸೊಂಡಿಲು ಚುಚ್ಚುತ್ತದೆ. ಆ ಕೆಲವೇ ಸೆಕೆಂಡುಗಳಲ್ಲಿ ವೈರಸ್ ಸೊಂಡಿಲ ತುದಿಗೆ ಅಂಟಿಕೊಳ್ಳುತ್ತದೆ, ಪಕ್ಕದ ಗಿಡಕ್ಕೆ ಹಾರಿ ಮತ್ತೆ ರುಚಿ ನೋಡಿದರೆ ಮುಗಿಯಿತು, ದಾಟಿಬಿಟ್ಟಿತು. ಔಷಧಿ ಮೈಗೆ ಹತ್ತಿ ಹೇನು ಸಾಯುವ ಹೊತ್ತಿಗೆ ಅದು ಎರಡು ಮೂರು ಗಿಡಗಳನ್ನು ಚುಚ್ಚಿ ಆಗಿರುತ್ತದೆ. ಬಿಳಿ ನೊಣದ ಕಥೆ ಬೇರೆ. ಅದು ಹೆಚ್ಚು ಹೊತ್ತು ರಸ ಹೀರಬೇಕು, ವೈರಸ್ ಅದರ ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಜೊಲ್ಲಿಗೆ ಬರಬೇಕು. ಅಲ್ಲಿ ಔಷಧಿಗೆ ಸ್ವಲ್ಪ ಸಮಯ ಸಿಗುತ್ತದೆ. ಬೆಂಡೆಯ ಹಳದಿ ನಂಜು ಹೀಗೆ ಬಿಳಿ ನೊಣದಿಂದ ಹರಡುವಂಥದ್ದು. 1924ರಷ್ಟು ಹಿಂದೆಯೇ ಮುಂಬಯಿ ಪ್ರಾಂತ್ಯದಿಂದ ಅದರ ಬಗ್ಗೆ ವರದಿ ಬಂದಿತ್ತು, ನಮ್ಮ ಬೆಳಗಾವಿ ವಿಜಯಪುರ ಜಿಲ್ಲೆಗಳೂ ಆಗ ಅದೇ ಪ್ರಾಂತ್ಯದಲ್ಲಿದ್ದವು. ಇನ್ನು ಥ್ರಿಪ್ಸ್ ನುಸಿ ಇದೆ, ಅದು ಇನ್ನೂ ವಿಚಿತ್ರ. ಟೊಮೆಟೊ ಸ್ಪಾಟೆಡ್ ವಿಲ್ಟ್ ಅನ್ನುವ ವೈರಸ್ಸನ್ನು ಅದು ಮರಿಯಾಗಿದ್ದಾಗ ಮಾತ್ರ ಪಡೆಯಬಲ್ಲದು. ಮರಿಯಾಗಿದ್ದಾಗ ರೋಗದ ಎಲೆ ತಿಂದ ನುಸಿ ರೆಕ್ಕೆ ಬಂದ ಮೇಲೆ ಸಾಯುವವರೆಗೂ ರೋಗ ಹಂಚುತ್ತಾ ಹೋಗುತ್ತದೆ. ಹಾಗಾಗಿ ಹಾರುವ ನುಸಿಯನ್ನಷ್ಟೇ ಹೊಡೆದು ಪ್ರಯೋಜನ ಕಡಿಮೆ, ಅದು ಹುಟ್ಟಿ ಬೆಳೆದ ರೋಗದ ಗಿಡವನ್ನೇ ತೆಗೆಯಬೇಕು.

ತೆಗೆಯಬೇಕು ಅಂತ ಬರೆಯುವುದು ಸುಲಭ. ಗೋಕಾಕದ ಹತ್ತಿರ ಒಬ್ಬ ಹಿರಿಯರು, ನಾನು ಕಾಕಾ ಅಂತ ಕರೆಯುತ್ತಿದ್ದೆ, ಮೊಗ್ಗು ಬಿಟ್ಟ ಸೇವಂತಿಗೆ ಸಾಲಿನಲ್ಲಿ ನಿಂತು ನನ್ನ ಮಾತು ಪೂರ್ತಿ ಕೇಳಿಸಿಕೊಂಡು, "ಕಿತ್ತ ಒಗಿ ಅನ್ನಾಕ ಅಲ್ಲಿಂದ ಇಲ್ಲಿತನಕ ಬಂದಿಯೇನ ತಂಗಿ?" ಅಂದರು. ಸಿಟ್ಟಿನಿಂದ ಅಂದದ್ದಲ್ಲ. ದಸರೆಗೆ ಬರುವ ರೊಕ್ಕ ಅವರ ಕಣ್ಣ ಮುಂದೆ ನಿಂತಿತ್ತು, ಅದನ್ನು ಕೀಳು ಅಂತ ಹೇಳಿದವಳು ನಾನು. ಆದರೂ ಕೀಳಬೇಕಿತ್ತು. ಉಳಿದ ಸಾಲು ಉಳಿಯಬೇಕಾದರೆ ಬೇರೆ ದಾರಿ ಇರಲಿಲ್ಲ, ಅವರೂ ಕಿತ್ತರು.

ಹೂವಿನ ಮೇಲೆ ಸಂಶೋಧನೆ ಅಂದಾಗ ಬಹಳ ಜನ ಕೇಳಿದ್ದಾರೆ, ಇದೇನು ಶೋಕಿ, ಮೆಣಸಿನಕಾಯಿಗೆ ಮುಟುರು ಬಂದು ಜನ ಸಾಯ್ತಿದ್ದಾರೆ, ಪಪ್ಪಾಯಿ ಹೋಯ್ತು, ನೀನು ಹೂವು ಹಿಡಿದು ಕೂತೀಯಲ್ಲ ಅಂತ. ಸಹೋದ್ಯೋಗಿಗಳೂ ಕೇಳಿದ್ದಾರೆ. ನನ್ನ ಉತ್ತರ ಯಾವಾಗಲೂ ನಮ್ಮ ಊರಿನ ಹತ್ತು ಗುಂಟೆ, ಇಪ್ಪತ್ತು ಗುಂಟೆಯ ಹೂವಿನ ತುಣುಕುಗಳ ಕಡೆ ಬೆರಳು ತೋರಿಸುವುದಾಗಿತ್ತು. ನಮ್ಮ ಕಡೆ ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ ಬರುತ್ತದೆ, ಅದೂ ತಡವಾಗಿ. ಹೂವಿನ ರೊಕ್ಕ ವಾರ ವಾರ ಬರುತ್ತದೆ. ಬೆಳಗಿನ ಇಬ್ಬನಿ ಆರುವ ಮೊದಲೇ ಹೆಣ್ಣುಮಕ್ಕಳು ಹೂ ಬಿಡಿಸಿ, ಬುಟ್ಟಿ ತುಂಬಿ ಬಸ್ಸಿಗೆ ಹಾಕಿದರೆ ಸಂಜೆಗೆ ಕೈಯಲ್ಲಿ ಕಾಸು. ಆ ಕಾಸಿನಲ್ಲಿ ಶಾಲೆ ಫೀಸು, ಔಷಧಿ, ಎಣ್ಣೆ ಬೇಳೆ ನಡೆಯುತ್ತದೆ. ಶ್ರಾವಣ ಬಂತು ಅಂದರೆ ರೇಟು ಏರುತ್ತದೆ, ಗಣೇಶ ಚೌತಿ, ಮಹಾನವಮಿ, ದೀಪಾವಳಿಯ ಲಕ್ಷ್ಮೀ ಪೂಜೆ, ಸಂಕ್ರಮಣದ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ. ಹಬ್ಬದ ನಾಲ್ಕು ದಿನ ತಪ್ಪಿದರೆ ಇಡೀ ವರ್ಷ ತಪ್ಪಿದ ಹಾಗೆ. ವೈರಸ್ ಗಿಡವನ್ನು ಕೊಲ್ಲಬೇಕಾಗಿಲ್ಲ, ಹೂವು ಬಣ್ಣಗೆಟ್ಟರೆ ಸಾಕು, ದಂಡೆಗೆ ಬಾರದ ಹೂವನ್ನು ಯಾರೂ ಕೊಳ್ಳುವುದಿಲ್ಲ. ಟೊಮೆಟೊ ಸೊಟ್ಟಗಿದ್ದರೂ ಸಾರಿಗೆ ಬರುತ್ತೆ ಅಲ್ವಾ? ಹೂವಿಗೆ ಆ ಅವಕಾಶ ಇಲ್ಲ.

ಇನ್ನೊಂದು ವಿಷಯ. ತೋಟಗಾರಿಕೆ ಇಲಾಖೆ, ಕೃಷಿ ಇಲಾಖೆ, ಹಣ್ಣು, ಹೂವು, ಕಾಳು ಅಂತ ನಾವು ಬೆಳೆಗಳನ್ನು ಬೇರೆ ಬೇರೆ ಖಾನೆಗಳಲ್ಲಿ ಇಟ್ಟಿದ್ದೇವೆ. ವೈರಸ್‌ಗೆ ಆ ಖಾನೆಗಳು ಗೊತ್ತಿಲ್ಲ. ಕುಕುಂಬರ್ ಮೊಸಾಯಿಕ್ ವೈರಸ್ ಅನ್ನು 1916ರಲ್ಲಿ ಸೌತೆಯಲ್ಲಿ ಗುರುತಿಸಿದರು, ಹೆಸರು ಹಾಗೇ ಉಳಿಯಿತು, ಈಗ ನೋಡಿದರೆ ಅದು ನೂರಕ್ಕೂ ಹೆಚ್ಚು ಕುಟುಂಬಗಳ 1,200ಕ್ಕೂ ಹೆಚ್ಚು ಜಾತಿಯ ಗಿಡಗಳಿಗೆ ಬರುತ್ತದೆ. ಗ್ಲ್ಯಾಡಿಯೋಲಸ್ ಅದರಲ್ಲಿದೆ, ಮೆಣಸಿನಕಾಯಿಯೂ ಅದರಲ್ಲಿದೆ. ಗ್ಲ್ಯಾಡಿಯೋಲಸ್ ಗಡ್ಡೆ ವರ್ಷದಿಂದ ವರ್ಷಕ್ಕೆ ವೈರಸ್ಸನ್ನು ಕಾಪಾಡಿಕೊಂಡು ಬರುತ್ತದೆ, ಪಕ್ಕದ ಮೆಣಸಿನಕಾಯಿಗೆ ಹೇನು ಒಯ್ಯುತ್ತದೆ. ಹೂವಿನ ತುಣುಕನ್ನು ನೋಡದೆ ಮೆಣಸಿನಕಾಯಿಯನ್ನು ಮಾತ್ರ ನೋಡಿದರೆ ರೋಗ ಎಲ್ಲಿಂದ ಬಂತು ಅನ್ನೋದು ಕೊನೆಗೂ ತಿಳಿಯುವುದಿಲ್ಲ.

ವಿಜಯಪುರದ ಕಡೆ ಸೂರ್ಯಕಾಂತಿ ಬೆಳೆದವರಿಗೆ ಇದು ಚೆನ್ನಾಗಿ ಗೊತ್ತು. 1997ರಲ್ಲಿ ಕರ್ನಾಟಕದಲ್ಲಿ ಸೂರ್ಯಕಾಂತಿಯ ನೆಕ್ರೋಸಿಸ್ ರೋಗ ಕಾಣಿಸಿಕೊಂಡಾಗ ಎಲ್ಲರೂ ಬೀಜವನ್ನು ಬೈದರು. ತೆನೆ ಸೊಟ್ಟಗಾಗಿ, ಕಾಂಡ ಕಪ್ಪಾಗಿ, ಎಳೆ ಗಿಡಗಳು ನಿಂತಲ್ಲೇ ಒಣಗುತ್ತಿದ್ದವು. ಕಾರಣ ಟೊಬ್ಯಾಕೋ ಸ್ಟ್ರೀಕ್ ವೈರಸ್ ಅಂತ ಗೊತ್ತಾಯಿತು. ಅದು ಅಡಗಿ ಕೂತಿದ್ದು ಬದುವಿನ ಮೇಲೆ, ರಸ್ತೆ ಬದಿಯಲ್ಲಿ, ಎಲ್ಲೆಲ್ಲೂ ಬೆಳೆಯುವ ಪಾರ್ಥೇನಿಯಂನಲ್ಲಿ, ನಾವು ಕಾಂಗ್ರೆಸ್ ಕಸ ಅನ್ನುತ್ತೇವಲ್ಲ ಅದರಲ್ಲಿ. ಆ ಕಸಕ್ಕೆ ರೋಗದ ಗುರುತೇ ಇರುವುದಿಲ್ಲ, ಹಸಿರಾಗಿ ನಗುತ್ತಾ ನಿಂತಿರುತ್ತದೆ. ಅದರ ಪರಾಗದಲ್ಲಿ ವೈರಸ್ ಇರುತ್ತದೆ. ಗಾಳಿಗೆ, ನುಸಿಯ ಮೈಗೆ ಅಂಟಿ ಬಂದ ಪರಾಗ ಸೂರ್ಯಕಾಂತಿ ಎಲೆಯ ಮೇಲೆ ಬೀಳುತ್ತದೆ, ನುಸಿ ಎಲೆ ಕೆರೆದಾಗ ಆಗುವ ಗಾಯದಲ್ಲಿ ಒಳಗೆ ಸೇರುತ್ತದೆ. ಇದೇ ವೈರಸ್ ಚೆಂಡು ಹೂವಿಗೂ ಬರುತ್ತದೆ. ಬದುವಿನ ಕಸ ಹೂ ಬಿಡುವ ಮೊದಲು ಕಿತ್ತರೆ ಅರ್ಧ ಕೆಲಸ ಆದಂತೆ, ಒಂದು ಪೈಸೆ ಔಷಧಿ ಬೇಡ. ಇದು ತಿಳಿದ ದಿನ ನನಗೆ ಆದ ಸಂತೋಷ ದೊಡ್ಡದು, ಯಾಕಂದ್ರೆ ಕೊನೆಗೂ ರೈತನ ಕೈಯಲ್ಲಿ ಆಗುವ ಒಂದು ಕೆಲಸ ಹೇಳಲು ಸಿಕ್ಕಿತ್ತು.

ಕಣ್ಣಿಗೆ ಕಾಣದ್ದನ್ನು ಹಿಡಿಯುವುದು ಹೇಗೆ ಅಂತ ಮಕ್ಕಳು ಕೇಳುತ್ತಾರೆ. ಟೊಬ್ಯಾಕೋ ಮೊಸಾಯಿಕ್ ವೈರಸ್‌ನ ಒಂದು ಕಣ 300 ನ್ಯಾನೋಮೀಟರ್ ಉದ್ದದ ಕಡ್ಡಿ, ದಪ್ಪ 18 ನ್ಯಾನೋಮೀಟರ್. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇಲ್ಲದೆ ಕಾಣದು. ಆದರೆ ನಾನು ಕೆಲಸ ಕಲಿತ ಕಾಲಕ್ಕೆ ನಮ್ಮ ಕೈಗೆ ಸುಲಭವಾಗಿ ಸಿಗುತ್ತಿದ್ದದ್ದು ಗಿಡಗಳೇ. ರೋಗದ ಎಲೆಯನ್ನು ತಣ್ಣನೆಯ ಒರಳಿನಲ್ಲಿ ಅರೆದು, ರಸವನ್ನು ನಿಕೋಟಿಯಾನಾ ಗ್ಲುಟಿನೋಸಾ ಅನ್ನುವ ತಂಬಾಕಿನ ದಾಯಾದಿ ಗಿಡದ ಎಲೆಗೆ ಹಚ್ಚುತ್ತಿದ್ದೆವು. ಹಚ್ಚುವ ಮೊದಲು ಎಲೆಯ ಮೇಲೆ ಕಾರ್ಬೊರಂಡಮ್ ಪುಡಿ ಉದುರಿಸಬೇಕು, ಬೆರಳಿನಿಂದ ಹಗುರವಾಗಿ ಸವರಬೇಕು, ಎಲೆ ಹರಿಯಬಾರದು, ಆದರೆ ಕಣ್ಣಿಗೆ ಕಾಣದ ಸಣ್ಣ ಗೀರು ಆಗಬೇಕು. ಆ ಒತ್ತಡ ಎಷ್ಟು ಅನ್ನೋದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ, ಬೆರಳೇ ಕಲಿಯಬೇಕು. ಎರಡು ಮೂರು ದಿನಕ್ಕೆ ಎಲೆಯ ಮೇಲೆ ಕಂದು ಚುಕ್ಕೆಗಳು ಮೂಡುತ್ತವೆ. ರಸದಲ್ಲಿ ವೈರಸ್ ಜಾಸ್ತಿ ಇದ್ದಷ್ಟೂ ಚುಕ್ಕೆ ಜಾಸ್ತಿ. ಫ್ರಾನ್ಸಿಸ್ ಹೋಮ್ಸ್ 1929ರಲ್ಲಿ ತೋರಿಸಿದ ವಿಧಾನ ಇದು. ಈಗ ಡಯಟ್ ಆಹಾರ ಅಂತ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುವ ಕಿನೋವಾ ಇದೆಯಲ್ಲ, ಅದೂ ನಮಗೆ ಇಂಥದ್ದೇ ಪರೀಕ್ಷೆಯ ಗಿಡ. ನಾನು ಅದನ್ನು ಕುಂಡದಲ್ಲಿ ಬೆಳೆಸಿದ್ದು ವೈರಸ್‌ಗಾಗಿ, ಜನ ಅದನ್ನು ತಿನ್ನುತ್ತಾರೆ ಅಂತ ಗೊತ್ತಾಗಿದ್ದು ಬಹಳ ತಡವಾಗಿ.

ತಂಬಾಕಿನ ಮಾತು ಬಂದಿತು, ನಿಪ್ಪಾಣಿಯ ಬಗ್ಗೆ ಹೇಳಲೇಬೇಕು. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಬೀಡಿ ತಂಬಾಕಿಗೆ ಹೆಸರಾದ ಪೇಟೆ. ಈ ಟೊಬ್ಯಾಕೋ ಮೊಸಾಯಿಕ್ ವೈರಸ್ ಒಣಗಿದ ಎಲೆಯಲ್ಲಿ ದಶಕಗಟ್ಟಲೆ ಬದುಕಿರುತ್ತದೆ. ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ತಿಕ್ಕಿದ ಕೈಯಲ್ಲೇ ಪೆಟೂನಿಯಾ ಸಸಿ ಮುಟ್ಟಿದರೆ ರೋಗ ದಾಟಬಹುದು, ಹುಳದ ಅವಶ್ಯಕತೆಯೇ ಇಲ್ಲ. ಆದ್ದರಿಂದ ನರ್ಸರಿಗಳಿಗೆ ಹೋದಾಗ ನಾನು ಮೊದಲು ನೋಡುತ್ತಿದ್ದದ್ದು ಕೈ ತೊಳೆಯುವ ಜಾಗ, ಅಲ್ಲಿ ಸಾಬೂನು ಇದೆಯೋ ಇಲ್ಲವೋ ಅಂತ. ಸೀತಾಳೆ ಹೂವಿನ, ಅಂದರೆ ಆರ್ಕಿಡ್ ಗಿಡಗಳಲ್ಲಿ ಇದರದ್ದೇ ಸಂಬಂಧಿ ಒಂದು ವೈರಸ್ ಚಾಕು ಕತ್ತರಿಯ ಮೂಲಕ ಹರಡುತ್ತದೆ, ಹಾಗಾಗಿ ಪ್ರತಿ ಗಿಡ ಕತ್ತರಿಸಿದ ಮೇಲೂ ಕತ್ತಿಯನ್ನು ವೈರಸ್ ಕೊಲ್ಲುವ ಟ್ರೈಸೋಡಿಯಂ ಫಾಸ್ಫೇಟ್ ನೀರಿನಲ್ಲಿ ಅದ್ದಬೇಕು. ಬೇಸರದ ಕೆಲಸ. ಆದರೆ ಇದನ್ನು ಮಾಡುವ ನರ್ಸರಿಗೂ ಮಾಡದ ನರ್ಸರಿಗೂ ವ್ಯತ್ಯಾಸ ಮೂರೇ ವರ್ಷದಲ್ಲಿ ಕಾಣುತ್ತದೆ.

ಹೂವಿನ ರೋಗದಲ್ಲಿ ಬೇರೆ ಬೆಳೆಗಳಿಗೆ ಇಲ್ಲದ ಒಂದು ತೊಡಕಿದೆ. ರೋಗವೇ ಒಮ್ಮೊಮ್ಮೆ ಚಂದ ಕಾಣುತ್ತದೆ. ಹಾಲೆಂಡಿನಲ್ಲಿ 1630ರ ದಶಕದಲ್ಲಿ ಟ್ಯೂಲಿಪ್ ಗಡ್ಡೆಗಳ ಬೆಲೆ ಆಕಾಶಕ್ಕೆ ಏರಿ 1637ರ ಫೆಬ್ರುವರಿಯಲ್ಲಿ ಕುಸಿದ ಕಥೆ ಬಹಳ ಜನರಿಗೆ ಗೊತ್ತು. ಆಗ ಅತಿ ದುಬಾರಿಯಾಗಿದ್ದದ್ದು ಎಸಳಿನ ಮೇಲೆ ಬೆಂಕಿಯ ನಾಲಿಗೆಯಂತೆ ಪಟ್ಟೆ ಎದ್ದ ಹೂವುಗಳು. ಆ ಪಟ್ಟೆಗೆ ಕಾರಣ ವೈರಸ್. ಅದು ಗಡ್ಡೆಯಿಂದ ಗಡ್ಡೆಗೆ ದಾಟುವ ಸೋಂಕು ಅಂತ ಕಸಿ ಮಾಡಿ ತೋರಿಸಿದ್ದು ಇಂಗ್ಲೆಂಡಿನ ಡೊರೊಥಿ ಕೇಲಿ, 1928ರಲ್ಲಿ. ನಾನು ಓದುತ್ತಿದ್ದಾಗ ಪಾಠದಲ್ಲಿ ಬರುತ್ತಿದ್ದ ಹೆಸರುಗಳೆಲ್ಲಾ ಗಂಡಸರವು, ಮಾಯರ್, ಇವಾನೊವ್‌ಸ್ಕಿ, ಬೈಜರಿಂಕ್, ಸ್ಟ್ಯಾನ್ಲಿ. ಹೂವಿನ ವೈರಸ್ ಹಿಡಿದ ಒಬ್ಬ ಹೆಂಗಸಿನ ಹೆಸರು ಸಿಕ್ಕಾಗ ಆ ಪುಟಕ್ಕೆ ಗುರುತು ಹಾಕಿ ಇಟ್ಟುಕೊಂಡಿದ್ದೆ. ಪಾಯಿನ್ಸೆಟಿಯಾ ಇನ್ನೂ ಒಂದು ಹೆಜ್ಜೆ ಮುಂದೆ. ಕುಂಡದಲ್ಲಿ ಪೊದೆಯಾಗಿ ಬೆಳೆಯುವ ಆ ಕೆಂಪು ಗಿಡ ಹಾಗೆ ಕವಲೊಡೆಯುವುದು ಅದರೊಳಗೆ ಫೈಟೋಪ್ಲಾಸ್ಮಾ ಅನ್ನುವ, ವೈರಸ್ ಅಲ್ಲದ, ಬ್ಯಾಕ್ಟೀರಿಯಾ ಜಾತಿಯ ಸೂಕ್ಷ್ಮಜೀವಿ ಇರುವುದರಿಂದ ಅಂತ 1997ರಲ್ಲಿ ಗೊತ್ತಾಯಿತು. ಅದನ್ನು ತೆಗೆದರೆ ಗಿಡ ಉದ್ದಕ್ಕೆ ಒಂದೇ ಕೋಲಾಗಿ ಬೆಳೆಯುತ್ತದೆ.

ಇಂಥದ್ದೇ ಫೈಟೋಪ್ಲಾಸ್ಮಾ ಆಸ್ಟರ್‌ಗೆ ಬಂದರೆ ಕಣ್ಣೀರು. ಹೂವು ಹಸಿರಾಗುತ್ತದೆ, ಎಸಳಿನ ಜಾಗದಲ್ಲಿ ಸಣ್ಣ ಎಲೆಗಳು ಬರುತ್ತವೆ. ಜಿಗಿಹುಳು ಇದನ್ನು ಹರಡುತ್ತದೆ ಅಂತ ಅಮೆರಿಕದ ವಿಜ್ಞಾನಿ ಕುಂಕೆಲ್ 1926ರಲ್ಲೇ ಹೇಳಿದ್ದರು, ಆದರೆ 1967ರಲ್ಲಿ ಜಪಾನಿನವರು ನಿಜ ಕಂಡುಹಿಡಿಯುವ ತನಕ ಜಗತ್ತೆಲ್ಲಾ ಅದನ್ನು ವೈರಸ್ ಅಂತಲೇ ನಂಬಿತ್ತು. ನಮ್ಮ ಹಳ್ಳಿಯೊಂದರಲ್ಲಿ ಇಂಥ ಹಸಿರು ಹೂವನ್ನು ದೇವರ ಪವಾಡ ಅಂತ ಗುಡಿಯಲ್ಲಿ ಇಟ್ಟಿದ್ದರು. ನಾನು ಅಲ್ಲಿ ಏನೂ ಮಾತಾಡಲಿಲ್ಲ, ಹೊಲದ ಮಾಲೀಕರ ಮನೆಗೆ ಹೋಗಿ ಚಹಾ ಕುಡಿಯುತ್ತಾ ನಿಧಾನವಾಗಿ ಹೇಳಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬಹಳಷ್ಟು ವೈರಸ್‌ಗಳು ಬೀಜದಲ್ಲಿ ದಾಟುವುದಿಲ್ಲ. ಹಾಗಾಗಿ ಬೀಜದಿಂದ ಬೆಳೆಯುವ ಚೆಂಡು ಹೂ, ಆಸ್ಟರ್ ಪ್ರತಿ ವರ್ಷ ಹೆಚ್ಚು ಕಡಿಮೆ ಹೊಸದಾಗಿ ಶುರುವಾಗುತ್ತವೆ. ಸೇವಂತಿಗೆ ಹಾಗಲ್ಲ. ಅದನ್ನು ಬೆಳೆಸುವುದು ಬುಡದಲ್ಲಿ ಚಿಗುರುವ ಮರಿಗಳಿಂದ, ತುದಿ ಕಡ್ಡಿಗಳಿಂದ. ಸುಗಂಧರಾಜ, ಗ್ಲ್ಯಾಡಿಯೋಲಸ್ ಗಡ್ಡೆಯಿಂದ. ಗುಲಾಬಿ ಕಣ್ಣು ಕಸಿಯಿಂದ. ತಾಯಿಯಲ್ಲಿ ಇದ್ದದ್ದೆಲ್ಲಾ ಮರಿಗೆ ಬರುತ್ತದೆ, ಮರಿಯಿಂದ ಅದರ ಮರಿಗೆ. ನಮ್ಮಲ್ಲಿ ಗಿಡ ಕೇಳಿದವರಿಗೆ ಇಲ್ಲ ಅನ್ನುವ ರೂಢಿ ಇಲ್ಲ. ಬೀಗರ ಊರಿಂದ ತಂದ ಕಡ್ಡಿ, ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದ ಮರಿ, ಅಲ್ಲಿಂದ ಓಣಿಗೆ, ಓಣಿಯಿಂದ ಊರಿಗೆ. ಇದು ಒಳ್ಳೆಯ ರೂಢಿ, ಅದನ್ನು ಬಿಡಿ ಅಂತ ನಾನು ಯಾವತ್ತೂ ಹೇಳಲಾರೆ. ಹಂಚುವ ಗಿಡ ಶುದ್ಧವಾಗಿರಲಿ ಅನ್ನೋದಷ್ಟೇ ನನ್ನ ಆಸೆ.

ಸೇವಂತಿಗೆಯಲ್ಲಿ ‘ಬಿ’ ವೈರಸ್ ಅಂತ ಒಂದಿದೆ, ಹೇನಿನಿಂದ ಹರಡುವಂಥದ್ದು. ಬಹಳ ತಳಿಗಳಲ್ಲಿ ಅದು ಗುರುತೇ ತೋರಿಸುವುದಿಲ್ಲ. ಗಿಡ ಚೆನ್ನಾಗಿಯೇ ಇದೆ ಅನ್ನಿಸುತ್ತದೆ, ಪಕ್ಕದಲ್ಲಿ ನಿಜವಾಗಿ ಶುದ್ಧವಾದ ಗಿಡ ನೆಟ್ಟು ನೋಡಿದಾಗ ಮಾತ್ರ ಎಷ್ಟು ಕಳೆದುಕೊಂಡಿದ್ದೇವೆ ಅಂತ ತಿಳಿಯುತ್ತದೆ. ಇಂಥ ವೈರಸ್ ಹಿಡಿಯಲು ಎಲೈಸಾ ಪರೀಕ್ಷೆ ಬಂತು. ಕ್ಲಾರ್ಕ್ ಮತ್ತು ಆಡಮ್ಸ್ ಅನ್ನುವವರು 1977ರಲ್ಲಿ ಅದನ್ನು ಗಿಡಗಳ ವೈರಸ್‌ಗೆ ಒಗ್ಗಿಸಿದರು. 96 ಗುಣಿಗಳಿರುವ ತಟ್ಟೆಯಲ್ಲಿ ಎಲೆ ರಸ ಹಾಕಿದರೆ, ವೈರಸ್ ಇದ್ದ ಗುಣಿ ಹಳದಿಯಾಗುತ್ತದೆ. ಒಂದೇ ದಿನದಲ್ಲಿ ಅಷ್ಟೊಂದು ಗಿಡಗಳ ಜಾತಕ ಕೈಗೆ ಸಿಗುವುದು ನಮಗೆ ಹಬ್ಬವಾಗಿತ್ತು. ಆದರೆ ಎಲೈಸಾ ಹಿಡಿಯುವುದು ವೈರಸ್ ಮೇಲಿನ ಪ್ರೋಟೀನ್ ಅಂಗಿಯನ್ನು. ಸೇವಂತಿಗೆಯನ್ನು ಕುಳ್ಳಾಗಿಸುವ ಇನ್ನೊಂದು ರೋಗ ಇದೆ, 1945ರಲ್ಲಿ ಅಮೆರಿಕದಲ್ಲಿ ಕಂಡದ್ದು, ಅದಕ್ಕೆ ಅಂಗಿಯೇ ಇಲ್ಲ. ಬರೀ ಒಂದು ಆರ್‌ಎನ್‌ಎ ಉಂಗುರ, ಅಂದರೆ ವಂಶಸೂಚನೆ ಬರೆದ ಎಳೆ, ಸುಮಾರು 350 ಅಕ್ಷರ ಉದ್ದ. ಟೊಬ್ಯಾಕೋ ಮೊಸಾಯಿಕ್ ವೈರಸ್‌ನಲ್ಲಿ ಇಂಥ ಅಕ್ಷರಗಳು ಸುಮಾರು 6,400. ಇಷ್ಟು ಸಣ್ಣದು ರೋಗ ತರಬಲ್ಲದು ಅಂತ ಥಿಯೋಡರ್ ಡೀನರ್ 1971ರಲ್ಲಿ ಆಲೂಗಡ್ಡೆಯ ಒಂದು ರೋಗದಲ್ಲಿ ತೋರಿಸಿ ವೈರಾಯ್ಡ್ ಅಂತ ಹೆಸರಿಟ್ಟರು. ಎಲೈಸಾದಲ್ಲಿ ಪಾಸಾದ ಗಿಡದಲ್ಲೂ ವೈರಾಯ್ಡ್ ಇರಬಹುದು. ತಿಂಗಳುಗಟ್ಟಲೆ ಗುರುತು ತೋರಿಸದೆ ಇದ್ದು, ಕೈಯಿಂದ, ಕತ್ತಿಯಿಂದ ಹರಡಿ, ಹೂ ಬಿಡುವ ಹೊತ್ತಿಗೆ ಗಿಡ ಮೊಣಕಾಲಿಗೂ ಬರುವುದಿಲ್ಲ. ಅದಕ್ಕೆ ಆರ್‌ಎನ್‌ಎಯನ್ನೇ ಹುಡುಕುವ ಪಿಸಿಆರ್ ಥರದ ಪರೀಕ್ಷೆಯೇ ಬೇಕು.

ರೋಗದ ತಳಿಯಿಂದ ಶುದ್ಧ ಗಿಡ ಪಡೆಯುವ ದಾರಿ ಇದೆ, ಮತ್ತು ಆ ದಾರಿ ಮೊದಲು ತೆರೆದದ್ದೇ ಒಂದು ಹೂವಿನ ಗಿಡದಲ್ಲಿ. ಇದನ್ನು ಹೇಳುವಾಗ ನನಗೆ ಹೆಮ್ಮೆ ಅನ್ನಿಸುತ್ತದೆ. 1952ರಲ್ಲಿ ಫ್ರಾನ್ಸಿನ ಮೊರೆಲ್ ಮತ್ತು ಮಾರ್ಟಿನ್ ವೈರಸ್ ಹಿಡಿದ ಡೇಲಿಯಾದ ಚಿಗುರಿನ ತುತ್ತತುದಿಯನ್ನು ಕತ್ತರಿಸಿ, ಗಾಜಿನ ಕೊಳವೆಯಲ್ಲಿ ಬೆಳೆಸಿ, ವೈರಸ್ ಇಲ್ಲದ ಗಿಡ ಪಡೆದರು. ಆ ತುದಿಯಲ್ಲಿ ರಸನಾಳಗಳು ಇನ್ನೂ ಕೂಡಿಕೊಂಡಿರುವುದಿಲ್ಲ, ಕೋಶಗಳು ವೇಗವಾಗಿ ಹುಟ್ಟುತ್ತಿರುತ್ತವೆ, ಹಾಗಾಗಿ ವೈರಸ್ ಅಲ್ಲಿಗೆ ತಲುಪುವುದು ಕಷ್ಟ. ಕತ್ತರಿಸಬೇಕಾದ ತುಣುಕು ಅರ್ಧ ಮಿಲಿಮೀಟರ್‌ಗೂ ಚಿಕ್ಕದು. ದೊಡ್ಡದು ತೆಗೆದರೆ ವೈರಸ್ ಜೊತೆಗೆ ಬರುತ್ತದೆ, ತೀರಾ ಚಿಕ್ಕದು ತೆಗೆದರೆ ಬದುಕುವುದಿಲ್ಲ. ಇಂದು ಆಲೂಗಡ್ಡೆ, ಬಾಳೆ, ಸ್ಟ್ರಾಬೆರಿಗಳಿಗೆ ಶುದ್ಧ ಸಸಿ ಸಿಗುತ್ತಿದ್ದರೆ ಅದರ ಬೇರು ಆ ಡೇಲಿಯಾದಲ್ಲಿದೆ. ಹೂವಿನ ಸಂಶೋಧನೆ ಶೋಕಿ ಅನ್ನುವವರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

2008ರಲ್ಲಿ ಬಾಗಲಕೋಟೆಗೆ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬಂತು. ಅರಭಾವಿಯಲ್ಲಿ ಕಾಲೇಜು ಅದಕ್ಕೂ ಮೊದಲಿನಿಂದ ಇತ್ತು. ನನ್ನ ಕಾಲದಲ್ಲಿ ಓದಲು ದೂರ ಹೋಗಬೇಕಿದ್ದ ಹೆಣ್ಣುಮಕ್ಕಳು ಈಗ ಮನೆಯಿಂದ ಬಸ್ಸಿನಲ್ಲಿ ಹೋಗಿ ಅಂಗಾಂಶ ಕೃಷಿ ಕಲಿಯುತ್ತಿದ್ದಾರೆ, ಸೂಕ್ಷ್ಮದರ್ಶಕದ ಕೆಳಗೆ ಚಿಗುರು ಕತ್ತರಿಸುತ್ತಿದ್ದಾರೆ. ಕೈ ಇದೆ, ವಿದ್ಯೆ ಇದೆ. ದ್ರಾಕ್ಷಿ, ದಾಳಿಂಬೆ ರೈತ ಸಸಿ ಕೊಳ್ಳುವಾಗ ಹತ್ತು ಪ್ರಶ್ನೆ ಕೇಳುತ್ತಾನೆ. ಹೂವಿನ ರೈತನಿಗೂ ಅಂಥದ್ದೇ ವ್ಯವಸ್ಥೆ ಬೇಕು: ಪರೀಕ್ಷೆ ಮಾಡಿದ ತಾಯಿ ಗಿಡಗಳು, ಹುಳ ನುಸುಳದ ಬಲೆ ಮನೆಯಲ್ಲಿ, ವರ್ಷಕ್ಕೊಮ್ಮೆ ಮರುಪರೀಕ್ಷೆ, ಅಲ್ಲಿಂದ ಹಳ್ಳಿಗೆ ಕಡ್ಡಿ. ನಮ್ಮ ಮೂರು ಜಿಲ್ಲೆಗಳ ಸೇವಂತಿಗೆಗೆ ಇದಕ್ಕೆ ದೊಡ್ಡ ಬಂಡವಾಳ ಬೇಡ. ಒಂದು ತಾಯಿ ಗಿಡದಿಂದ ಒಂದು ಋತುವಿನಲ್ಲಿ ಎಷ್ಟೊಂದು ಕಡ್ಡಿ ಬರುತ್ತವೆ ಅಂತ ಬೆಳೆದವರಿಗೆ ಗೊತ್ತು.

ಅಲ್ಲಿಯ ತನಕ ನಮ್ಮ ಹೊಲದಲ್ಲೇ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ನಾನು ಕಂಡ ಬಹುತೇಕ ರೈತರು ಹೂ ಮುಗಿದ ಮೇಲೆ ಗಿಡ ಸವರಿ, ನಂತರ ಎದ್ದ ಮರಿಗಳಲ್ಲಿ ಕೈಗೆ ಸಿಕ್ಕದ್ದನ್ನು ಕಿತ್ತು ನೆಡುತ್ತಾರೆ. ಸವರಿದ ಮೇಲೆ ಎಲ್ಲಾ ಗಿಡವೂ ಒಂದೇ ಥರ ಕಾಣುತ್ತದೆ, ಕುಳ್ಳು ಯಾವುದು, ಬಣ್ಣಗೆಟ್ಟದ್ದು ಯಾವುದು, ತಿಳಿಯುವುದೇ ಇಲ್ಲ. ಆದ್ದರಿಂದ ಆಯ್ಕೆ ಹೂವಿನ ಕಾಲದಲ್ಲೇ ಆಗಬೇಕು. ಮಹಾನವಮಿಯಿಂದ ದೀಪಾವಳಿಯವರೆಗೆ ಹೂ ಬಿಡಿಸುವಾಗ, ಎತ್ತರ ಸರಿ ಇದ್ದು, ಎಲೆಯಲ್ಲಿ ಮಚ್ಚೆ ಇಲ್ಲದೆ, ಹೂ ತುಂಬಾ ಬಂದು, ಬಣ್ಣ ಕೊನೆಯವರೆಗೂ ನಿಂತ ಗಿಡಗಳಿಗೆ ಒಂದು ಬಣ್ಣದ ನೂಲು ಕಟ್ಟಿ. ಹೂ ಬಿಡಿಸುವ ಹೆಣ್ಣುಮಕ್ಕಳಿಗೇ ಈ ಕೆಲಸ ಕೊಡಿ, ಪ್ರತಿ ಗಿಡವನ್ನೂ ದಿನಾ ನೋಡುವವರು ಅವರೇ. ಮರಿ ತೆಗೆಯುವುದು ನೂಲು ಕಟ್ಟಿದ ಗಿಡದಿಂದ ಮಾತ್ರ. ನೋಡಲು ಚೆನ್ನಾಗಿದ್ದ ಮಾತ್ರಕ್ಕೆ ಒಳಗೆ ರೋಗ ಇಲ್ಲ ಅಂತ ಹೇಳಲು ಬರುವುದಿಲ್ಲ, ಆದರೆ ಕೆಟ್ಟದ್ದನ್ನು ನಾವೇ ನೆಟ್ಟು ಬೆಳೆಸುವುದು ತಪ್ಪುತ್ತದೆ. ಯಾವುದಾದರೂ ಗಿಡದ ಮೇಲೆ ಅನುಮಾನ ಬಂದರೆ ಎಳೆ ಎಲೆಗಳನ್ನು ಕಿತ್ತು, ನೀರು ಚಿಮುಕಿಸದೆ, ಕಾಗದದಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದೇ ದಿನ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಕಾಲೇಜಿಗೋ ಒಯ್ಯಿರಿ. ಪೂರ್ತಿ ಒಣಗಿದ ಎಲೆ ತಂದರೆ ಪರೀಕ್ಷೆ ಮಾಡುವವರಿಗೆ ಕಷ್ಟವಾಗುತ್ತದೆ.